ಸೆಕೆಂಡ್‌ಹ್ಯಾಂಡ್ ಕ್ಯಾನಿಸ್ಟರ್ ಫಿಲ್ಟರಿನ ಪ್ರತಿಷ್ಠಾಪನೆ: ಸೂಲಿಬೆಲೆ ಹೋಬಳಿಯನ್ನು ಅನುಲಕ್ಷಿಸಿ ಒಂದು ಅಧ್ಯಯನ

ವೀರಗಲ್ಲು, ಮಾಸ್ತಿಕಲ್ಲು, ಗಾದೆ, ಒಗಟು ಎಲ್ಲದರ ಮೇಲೂ ಪಿಎಚ್.ಡಿ. ಮುಗಿದಿರುವ ನಾಡಿನಲ್ಲಿ, ಮೀನಿನ ತೊಟ್ಟಿಯ ಕೆಳಗೆ ಕತ್ತಲಲ್ಲಿ ಕೂತು ನೀರು ಸೋಸುತ್ತ ಗುಂಯ್‌ಗುಡುವ ಡಬ್ಬದ ಕಡೆ ವಿದ್ವಾಂಸರು ತಿರುಗಿಯೂ ನೋಡದಿರುವುದು ಖೇದಕರ. ಆ ಕೊರತೆಯನ್ನು ತುಂಬುವ ಅಲ್ಪ ಪ್ರಯತ್ನವಿದು. ಅಧ್ಯಯನ ಕ್ಷೇತ್ರ: ಹೊಸಕೋಟೆ ತಾಲ್ಲೂಕು, ಸೂಲಿಬೆಲೆಯಲ್ಲಿರುವ ಒಂದು ನಡುಮನೆ. ಚಕ್ಕುಬಂದಿ: ಪೂರ್ವಕ್ಕೆ ಗೋಡೆ, ಪಶ್ಚಿಮಕ್ಕೆ ಟಿ.ವಿ. ಸ್ಟ್ಯಾಂಡು, ಉತ್ತರಕ್ಕೆ ಪ್ಲಗ್ ಪಾಯಿಂಟು, ದಕ್ಷಿಣಕ್ಕೆ ಅಮ್ಮನ ಅಡುಗೆಮನೆ. ದಕ್ಷಿಣದ ಗಡಿಯಲ್ಲಿ ಆಗಾಗ ತಕರಾರಿದೆ. ಆ ವಿಷಯ ಮುಂದೆ ಬರುತ್ತದೆ. ತೊಟ್ಟಿಯ ಅಳತೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ನೀರು ಸುಮಾರು 190 ಲೀಟರ್.

ಪೂರ್ವಸೂರಿಗಳ ಸ್ಮರಣೆ ಸಂಪ್ರದಾಯ. ಶತಪಥ ಬ್ರಾಹ್ಮಣದ ಮನು ತನ್ನ ಕೈಗೆ ಸಿಕ್ಕ ಮರಿಮೀನನ್ನು ಮೊದಲು ಗಡಿಗೆಯಲ್ಲಿ, ಅದು ಸಾಲದಾದಾಗ ಗುಂಡಿಯಲ್ಲಿ, ಕೊನೆಗೆ ಸಮುದ್ರದಲ್ಲಿ ಬಿಟ್ಟ. ಚಿಕ್ಕ ತೊಟ್ಟಿ ಸಾಲದೆ ದೊಡ್ಡದು ಕೊಳ್ಳುವ ಚಟಕ್ಕೆ ಇದಕ್ಕಿಂತ ಹಳೆಯ ದಾಖಲೆ ಬೇಡ. ಸಮುದ್ರಕ್ಕೇ ಬಿಟ್ಟಿದ್ದರಿಂದ ಮನುವಿಗೆ ಫಿಲ್ಟರಿನ ಖರ್ಚು ಉಳಿಯಿತು. ಮುಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳಿದ್ದು 1126ರಿಂದ 1138) ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗ ಮೀಸಲಿಟ್ಟ. ಮೀನಿನ ಜಾತಿಗಳು, ಅವಕ್ಕೆ ಹಾಕುವ ಮೇವು, ಗಾಳ ಎಲ್ಲ ಅಲ್ಲಿವೆ. ಆದರೆ ಅದೇ ಗ್ರಂಥದ ಅನ್ನಭೋಗದಲ್ಲಿ ಮೀನಿನ ಅಡುಗೆಯೂ ಬರುವುದರಿಂದ, ನೀರು ತಿಳಿಯಾಗಿಡುವ ಪ್ರಶ್ನೆ ದೊರೆಗೆ ತುರ್ತೆನಿಸಿರಲಾರದು. ಪ್ರಸ್ತುತ ಡಬ್ಬದ ವಂಶ ತೀರ ಈಚಿನದು: ಜರ್ಮನಿಯ ಏಹೈಮ್ ಕಂಪನಿ 1960ರ ದಶಕದಲ್ಲಿ ಇಂಥದನ್ನು ಮಾರುಕಟ್ಟೆಗೆ ತಂದಿತು. ನಮ್ಮ ಕೈಗೆ ಬಂದಿರುವುದು ಚೀನಾದ ಶಾಖೆಗೆ ಸೇರಿದ, ಗೋತ್ರ ಸೂತ್ರ ಗೊತ್ತಿಲ್ಲದ ಸಂತಾನ.

ಈಗ ಶಾಸನ ಪಾಠ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ 9ನೆಯ ಸಂಪುಟದಲ್ಲಿ (1905) ಹೊಸಕೋಟೆ ತಾಲ್ಲೂಕಿನ ಶಾಸನಗಳನ್ನು ಅಚ್ಚು ಹಾಕಿಸಿದಾಗ, ಫಿಲ್ಟರಿನ ತಲೆಯ (ಮೋಟಾರಿರುವ ಮುಚ್ಚಳದ) ಮೇಲಿನ ಈ ಸ್ಟಿಕರ್ ಶಾಸನ ಹುಟ್ಟಿರಲಿಲ್ಲ. ಅಂಟು ಕಪ್ಪಾಗಿದೆ, ಅಕ್ಷರ ಸವೆದಿವೆ. ಮೊದಲ ಸಾಲು ‘220–240 ವೋಲ್ಟ್, 50 ಹರ್ಟ್ಸ್’. ಇದರ ಅರ್ಥದಲ್ಲಿ ಭಿನ್ನಾಭಿಪ್ರಾಯವಿಲ್ಲ. ಎರಡನೆಯದು ‘ಗಂಟೆಗೆ 1000 ಲೀಟರ್’. ಇದು ಪ್ರಶಸ್ತಿ ಭಾಗ. ಸಾಮಂತನೊಬ್ಬ ನಾಲ್ಕು ಸಮುದ್ರ ಪರ್ಯಂತ ಆಳಿದ ಎಂದು ಕವಿ ಬರೆದದ್ದನ್ನು ನಾವು ಹೇಗೆ ಓದುತ್ತೇವೋ ಇದನ್ನೂ ಹಾಗೇ ಓದಬೇಕು. ಡಬ್ಬ ಖಾಲಿ ಇಟ್ಟು ಅಳೆದ ಲೆಕ್ಕವದು. ಒಳಗೆ ಸ್ಪಂಜು, ಸೆರಾಮಿಕ್ ರಿಂಗು ತುಂಬಿ, ಪೈಪಿನಲ್ಲಿ ಪಾಚಿ ಕಟ್ಟಿದ ಮೇಲೆ ಹರಿವು ಎಷ್ಟೋ ಇಳಿಯುತ್ತದೆ. ಕೊನೆಯದು ಶಾಪಾಶಯ: ಈ ಸ್ಟಿಕರ್ ಕಿತ್ತವರಿಗೆ ವಾರಂಟಿ ಇಲ್ಲ. ದಾನ ಅಳಿದವರಿಗೆ ಗಂಗೆಯ ತಡಿಯಲ್ಲಿ ಗೋವು ಕೊಂದ ಪಾಪ ಬರಲಿ ಎನ್ನುತ್ತಿದ್ದ ಕಾಲಕ್ಕೆ ಹೋಲಿಸಿದರೆ ಶಿಕ್ಷೆ ಹಗುರವಾಯಿತು. ಸ್ಟಿಕರಿನ ನಟ್ಟನಡುವೆ ಉಗುರು ಹಾಕಿ ಕೆರೆದ ಗುರುತಿದೆ. ಹಿಂದಿನ ಒಡೆಯ ಅದಕ್ಕೂ ಹೆದರಿದವನಲ್ಲ.

ಆ ಒಡೆಯ ಬೆಂಗಳೂರಿನವನು. ‘ಸಿಂಗಲ್ ಓನರ್ ಸಾರ್. ಸ್ವಲ್ಪ ಸೌಂಡ್ ಬರುತ್ತೆ, ಅಷ್ಟೇ.’ ಈ ‘ಅಷ್ಟೇ’ ಎಂಬ ಅವ್ಯಯದ ಮೇಲೆ ಪ್ರತ್ಯೇಕ ಭಾಷ್ಯ ಬರೆಯಬಹುದು. ನೀರು ದೂಡುವ ಇಂಪೆಲ್ಲರ್ ಚಕ್ರ ತಿರುಗುವ ಸೆರಾಮಿಕ್ ಕಡ್ಡಿ ಪೆನ್ಸಿಲ್ ಸೀಸದಷ್ಟು ನಾಜೂಕು. ಅದು ಮುರಿದರೆ ಬರುವ ಸದ್ದಿಗೂ, ಡಬ್ಬದಲ್ಲಿ ಗಾಳಿ ಸಿಕ್ಕಿಕೊಂಡಾಗಿನ ಸದ್ದಿಗೂ ಮಾರುವವನ ನಿಘಂಟಿನಲ್ಲಿ ಒಂದೇ ಪದ. ಕೊಳ್ಳುವ ಮುಂಚೆ ತಲೆ ಬಿಚ್ಚಿ ಕಡ್ಡಿ ನೋಡಬೇಕು. ಡಬ್ಬವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಊರಿಗೆ ಬರುವಾಗ ಡೇರಿ ಹತ್ತಿರ ಒಬ್ಬರು, ‘ಏನಣ್ಣಾ, ಇಷ್ಟೊತ್ನಲ್ಲಿ ಹಾಲಾ?’ ಅಂದರು. ಜನಪದರ ವರ್ಗೀಕರಣ ಸಾಮರ್ಥ್ಯಕ್ಕೆ ಇದನ್ನು ದಾಖಲಿಸಿಟ್ಟಿದೆ.

ತಾತ್ವಿಕ ವಿವೇಚನೆಗೆ ಬರೋಣ. ತಲೆಗೂ ಡಬ್ಬಕ್ಕೂ ನಡುವೆ ಒಂದು ರಬ್ಬರ್ ವಾಷರ್ ಇರುತ್ತದೆ. ಅದು ಮೆತ್ತಗಿರುವವರೆಗೆ ಡಬ್ಬದ ನೀರು ಬೇರೆ, ನೆಲ ಬೇರೆ: ದ್ವೈತ. ವರ್ಷಗಟ್ಟಲೆ ಅದುಮಿಸಿಕೊಂಡು ವಾಷರ್ ಚಪ್ಪಟೆಯಾಗಿ ಗಡುಸಾಯಿತೆಂದರೆ ತೊಟ್ಟಿ, ಡಬ್ಬ, ನೆಲ, ಚಾಪೆ ಎಲ್ಲ ಒಂದೇ: ಅದ್ವೈತ. ಈ ಸಾಕ್ಷಾತ್ಕಾರ ಸಾಮಾನ್ಯವಾಗಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಆಗುತ್ತದೆ. ವ್ಯಾಸಲೀನ್ ಸವರುವ ಸಂಪ್ರದಾಯ ಉಂಟು, ಆದರೆ ಅದು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಸಿಲಿಕೋನ್ ಗ್ರೀಸೇ ಶಾಸ್ತ್ರಸಮ್ಮತ. ಪರೀಕ್ಷಾ ವಿಧಿ: ಡಬ್ಬವನ್ನು ಹಳೇ ಪೇಪರಿನ ಮೇಲೆ ಕೂರಿಸಿ ಒಂದು ರಾತ್ರಿ ಬಕೆಟ್ ನೀರಿನಲ್ಲೇ ಓಡಿಸುವುದು. ಬೆಳಿಗ್ಗೆ ನಿಧನ ವಾರ್ತೆಯ ಕಾಲಂ ಮೇಲೆ ನಾಲ್ಕಾಣೆಯಗಲ ಒದ್ದೆ ಕಂಡರೂ ವಾಷರ್ ಬದಲಿಸಬೇಕು.

ಪಂಪು ನೀರನ್ನು ಮೇಲಕ್ಕೆ ಎತ್ತುತ್ತದೆಂಬುದು ಲೋಕರೂಢಿಯ ಭ್ರಮೆ. ತೊಟ್ಟಿಯಿಂದ ಇಳಿಯುವ, ತೊಟ್ಟಿಗೆ ಏರುವ ಎರಡೂ ಪೈಪು ತುಂಬಿದ ಮೇಲೆ ಇಳಿಯುವ ನೀರಿನ ತೂಕ ಏರುವ ನೀರಿನ ತೂಕಕ್ಕೆ ಸರಿಹೋಗುತ್ತದೆ. ಪಂಪಿನ ಪಾಲಿಗೆ ಉಳಿಯುವುದು ಹೆಚ್ಚುಕಮ್ಮಿ ತಿಕ್ಕಾಟವಷ್ಟೇ. ಆದ್ದರಿಂದಲೇ ಡಬ್ಬ ತೊಟ್ಟಿಗಿಂತ ಕೆಳಗಿರಬೇಕು, ಪೈಪಿನಲ್ಲಿ ಗಾಳಿ ಇರಕೂಡದು. ಗಾಳಿ ತೆಗೆಯಲು ತಲೆಯ ಮೇಲೆ ಒತ್ತುಗುಂಡಿ ಇರುತ್ತದೆ. ಸೆಕೆಂಡ್‌ಹ್ಯಾಂಡಿನಲ್ಲಿ ಅದು ಒತ್ತಿದರೆ ಒತ್ತಿದಲ್ಲೇ ಇರುತ್ತದೆ. ಆಗ ಬೈಕಿನಿಂದ ಪೆಟ್ರೋಲ್ ಎಳೆಯುವ ವಿದ್ಯೆಯೇ ಗತಿ.

ಇನ್ನು ಪ್ರಬಂಧದ ಹೃದಯಭಾಗ. ಡಬ್ಬ ಬಿಚ್ಚಿದಾಗ ಸೆರಾಮಿಕ್ ರಿಂಗುಗಳ ಮೇಲೆ ಕಂದು ಲೋಳೆ ಮೆತ್ತಿತ್ತು. ದಕ್ಷಿಣದ ಗಡಿಯಿಂದ ಪೂರ್ವಪಕ್ಷ ಎದ್ದಿತು: ‘ಏನ್ಲಾ ಇದು ಗಬ್ಬುನಾತ! ಬ್ಲೀಚಿಂಗ್ ಪೌಡ್ರು ಹಾಕಿ ಉಜ್ಜಾಕು.’ ಈ ವಾದವನ್ನು ಹಗುರವಾಗಿ ಕಾಣಕೂಡದು. ಅಮ್ಮ ರೇಷ್ಮೆ ಹುಳ ಮೇಯಿಸಿದವರು. ಒಂದು ಬೆಳೆ ಮುಗಿದು ಗೂಡು ಹತ್ತಿರದ ವಿಜಯಪುರದ ಮಾರ್ಕೆಟ್ಟಿಗೆ ಹೋದರೆ, ಮುಂದಿನ ಬೆಳೆಗೆ ಮುಂಚೆ ಹುಳದ ಮನೆ, ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಂಕಿ ಎಲ್ಲಕ್ಕೂ ಸುಣ್ಣ ಬೆರೆಸಿದ ಶೇಕಡ 2ರ ಬ್ಲೀಚಿಂಗ್ ಪೌಡರ್ ದ್ರಾವಣ ಹೊಡೆಯಲೇಬೇಕು. ಇಲ್ಲದಿದ್ದರೆ ಹುಳಕ್ಕೆ ಹಾಲುರೋಗ. ಅಲ್ಲಿ ಕೊಳೆಯೇ ಸಾವು.

ಸಿದ್ಧಾಂತ ಇದಕ್ಕೆ ತದ್ವಿರುದ್ಧ. ಮೀನು ಬಿಡುವ ಅಮೋನಿಯ ಮೀನಿಗೇ ವಿಷ. ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಗಳು ಆ ಲೋಳೆಯಲ್ಲಿ ಬದುಕುತ್ತವೆ. ಇವನ್ನು ಸೂಕ್ಷ್ಮಜೀವಿ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಹೊತ್ತಿಗೆ ಜ್ಯೂರಿಕ್‌ನಲ್ಲಿ ಬೇರ್ಪಡಿಸಿ ತೋರಿಸಿದ. ಎರಡನೆಯ ಹಂತದ ಕೀರ್ತಿ ದಶಕಗಟ್ಟಲೆ ನೈಟ್ರೊಬ್ಯಾಕ್ಟರಿಗೆ ಸಲ್ಲುತ್ತಿತ್ತು; ಮೀನಿನ ತೊಟ್ಟಿಗಳಲ್ಲಿ ಆ ಕೆಲಸ ಮಾಡುತ್ತಿದ್ದದ್ದು ನೈಟ್ರೊಸ್ಪೈರ ಎಂದು 1998ರಲ್ಲಿ ತಿಳಿಯಿತು. ದುಡಿದವರೊಬ್ಬರು, ಸನ್ಮಾನ ಇನ್ನೊಬ್ಬರಿಗೆ: ವಿಶ್ವವಿದ್ಯಾಲಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸ ಫಿಲ್ಟರಿನಲ್ಲಿ ಈ ಸಂಸಾರ ನೆಲೆಯೂರಲು 4ರಿಂದ 6 ವಾರ ಬೇಕು. ಹಾಗಾಗಿ ಹಳೇ ಡಬ್ಬದಲ್ಲಿ ದುಡ್ಡು ಕೊಟ್ಟು ಕೊಳ್ಳುವಂಥದ್ದು ಏನಾದರೂ ಇದ್ದರೆ ಅದು ಕೊಳೆಯೇ, ಮೋಟಾರು ಕೊಸರು. ಆ ರಿಂಗುಗಳನ್ನು ಮಾರಿದವರ ತೊಟ್ಟಿಯ ನೀರಿನಲ್ಲೇ ಮುಳುಗಿಸಿ ತರಬೇಕು. ಒಣಗಿದರೆ, ಕುದಿನೀರು ಬಿದ್ದರೆ, ಪಂಚಾಯ್ತಿ ಟ್ಯಾಂಕಿಗೆ ಕ್ಲೋರಿನ್ ಹಾಕಿದ ದಿನದ ನಲ್ಲಿ ನೀರು ತಾಗಿದರೆ ಸಂಸಾರ ಹೋಯಿತು. ಹಿಂದಿನ ತೊಟ್ಟಿಯಲ್ಲಿ ಮೀನು ಸಾಲಾಗಿ ಸತ್ತಿದ್ದರೆ ಮಾತ್ರ ಅಮ್ಮನ ಬ್ಲೀಚೇ ಗೆದ್ದಂತೆ. ತಲೆಯ ಮೇಲಿನ ಬಿಳಿ ಸುಣ್ಣದ ಪೊರೆ ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೂ ತಪ್ಪದ್ದು. ಅದಕ್ಕೆ ವಿನೆಗರ್ ಸಾಕು, ಅದರಲ್ಲಿ ವಿವಾದವಿಲ್ಲ.

ಕರೆಂಟು ಹೋಗಿ ಗಂಟೆಗಟ್ಟಲೆ ಬಾರದಿದ್ದರೆ ಮುಚ್ಚಿದ ಡಬ್ಬದಲ್ಲಿ ಆಮ್ಲಜನಕ ತೀರಿ ಈ ಸಂಸಾರ ಉಸಿರುಗಟ್ಟುತ್ತದೆ. ಕರೆಂಟು ಬಂದ ತಕ್ಷಣ ಸ್ವಿಚ್ ಹಾಕಿದರೆ ಆ ನಾತದ ನೀರೆಲ್ಲ ತೊಟ್ಟಿಗೆ ಬೀಳುತ್ತದೆ. ಡಬ್ಬ ಬಿಚ್ಚಿ, ತೊಟ್ಟಿಯ ನೀರಲ್ಲೇ ಜಾಲಿಸಿ ಆಮೇಲೆ ಹಾಕಬೇಕು.

ಇಷ್ಟಾದ ಮೇಲೆ ಸಿದ್ಧಾಂತವನ್ನು ಪೂರ್ವಪಕ್ಷ ಒಪ್ಪಿತು. ಸ್ಪಂಜನ್ನು ತಿಂಗಳಿಗೊಮ್ಮೆ ತೊಟ್ಟಿಯ ನೀರಿನ ಬಕೆಟ್ಟಿನಲ್ಲಿ ಹಿಂಡುವುದು, ರಿಂಗು ಮುಟ್ಟದಿರುವುದು ಎಂದು ತೀರ್ಮಾನವಾಯಿತು. ಹಿಂಡಿದ ಕಂದು ನೀರನ್ನು ಅಮ್ಮ ಹಿತ್ತಲಿನ ಕರಿಬೇವಿಗೆ ಸುರಿದರು. ಅದರಲ್ಲಿರುವ ನೈಟ್ರೇಟು ಗಿಡಕ್ಕೆ ಗೊಬ್ಬರ. ಕರಿಬೇವು ಗೇಣುದ್ದ ಚಿಗುರು ಬಿಟ್ಟಿತು. ಈಗ ದಕ್ಷಿಣದ ಗಡಿಯಿಂದ ಹೊಸ ವಾದ ಹೊರಟಿದೆ: ‘ತಿಂಗ್ಳಿಗೊಂದ್ಸಲ ಯಾಕ್ಲಾ, ವಾರಕ್ಕೊಂದ್ಸಲ ತೊಳಿ. ಪಕ್ಕದಾಗೆ ನಿಂಬೆ ಗಿಡಾನೂ ಐತೆ.’