ಅವರೆ ಕಾಲದ ಮೇಷ್ಟ್ರು

ಬೆಂಗಳೂರಿನವರ ಚಳಿ ಕಂಡರೆ ಶಿಮ್ಲಾದವರು ನಕ್ಕಾರು. ಡಿಸೆಂಬರ್‌ನ ಮುಂಜಾನೆ ಪಾದರಸ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದೇ ತಡ, ಬಸವನಗುಡಿಯ ಹಿರಿಯರೆಲ್ಲ ಮಂಕಿ ಕ್ಯಾಪು, ಅದರ ಮೇಲೊಂದು ಮಫ್ಲರು, ಬನಿಯನ್ನಿನ ಮೇಲೆ ಎರಡೆರಡು ಸ್ವೆಟರು ಹೇರಿಕೊಂಡು ಲಾಲ್‌ಬಾಗಿಗೆ ವಾಕಿಂಗ್ ಹೊರಡುತ್ತಾರೆ. ಊರಿನ ದಾಖಲೆ ಚಳಿ ಅಂದರೆ 1884ರ ಜನವರಿ 13ರದ್ದು, 7.8 ಡಿಗ್ರಿ. ಮಂಕಿ ಕ್ಯಾಪಿಲ್ಲದೆ ಅವತ್ತಿನ ಜನ ಹೇಗೆ ಉಳಿದುಕೊಂಡರೋ ಎಂಬುದು ಲಾಲ್‌ಬಾಗಿನ ಬಂಡೆಯ ಮೇಲೆ ಇನ್ನೂ ಇತ್ಯರ್ಥವಾಗದ ಪ್ರಶ್ನೆ.

ಈ ಗುಂಪಿನಲ್ಲೊಬ್ಬರು ನಿವೃತ್ತ ಗಣಿತದ ಮೇಷ್ಟ್ರು. ವರ್ಷದ ಮುಕ್ಕಾಲು ಪಾಲು ಮನೆಯಲ್ಲಿ ಅವರನ್ನು ಯಾರೂ ಏನೂ ಕೇಳುವುದಿಲ್ಲ. ಮಗನ ಲೆಕ್ಕವನ್ನು ಲ್ಯಾಪ್‌ಟಾಪ್ ನೋಡಿಕೊಳ್ಳುತ್ತದೆ, ಮೊಮ್ಮಗಳ ಲೆಕ್ಕವನ್ನು ಟ್ಯೂಷನ್ನಿನವರು. ಕರೆಂಟ್ ಬಿಲ್ಲಿಗೆ ಕ್ಯೂ ನಿಲ್ಲುವ ಕೆಲಸವನ್ನೂ ಫೋನು ಕಿತ್ತುಕೊಂಡಿದೆ. ಅವರ ಪಾಲಿಗೆ ಉಳಿದದ್ದು ಪೇಪರು ಮತ್ತು ಬಿಪಿ ಮಾತ್ರೆ.

ಆದರೆ ಗಾಂಧಿ ಬಜಾರಿಗೆ ಅವರೆಕಾಯಿ ಬಂತೋ, ಮೇಷ್ಟ್ರಿಗೆ ಎಲ್ಲಿಲ್ಲದ ಬೆಲೆ. ಸೊಗಡು ಹಿಡಿಯುವ ಮೂಗು ಆ ಮನೆಯಲ್ಲಿರುವುದು ಒಂದೇ.

“ಏನಮ್ಮ, ಸೊಗಡಿದೆಯೋ?”

“ಮೂಸಿ ನೋಡಿ ಸ್ವಾಮಿ. ಮಾಗಡಿ ಕಡೇದು, ರಾತ್ರಿಯೆಲ್ಲ ಇಬ್ಬನಿ ಕುಡಿದಿರೋ ಕಾಯಿ.”

ಮೇಷ್ಟ್ರು ಒಂದು ಕಾಯಿ ಎತ್ತಿ, ಸಿಪ್ಪೆಯ ಜಿಡ್ಡು ಬೆರಳಿಗೆ ಹತ್ತುವಂತೆ ಉಜ್ಜಿ, ಕಣ್ಣುಮುಚ್ಚಿ ಮೂಸುತ್ತಾರೆ. ಒಳಗೆ ಹುಳ ಕಂಡರೆ ಇನ್ನೂ ಖುಷಿ. ಔಷಧಿ ಹೊಡೆದಿಲ್ಲ ಎಂಬುದಕ್ಕೆ ಅದೇ ಸರ್ಟಿಫಿಕೇಟು. ಅದೇ ಹುಳವನ್ನು ತೋರಿಸಿ ಕೆಜಿಗೆ ಹತ್ತು ರೂಪಾಯಿ ಇಳಿಸುವವರೂ ಅವರೇ.

ನಾಟಿ ಅವರೆಯ ಸ್ವಭಾವವೇ ವಿಚಿತ್ರ. ಮಳೆಗಾಲದಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಬಿತ್ತಿದರೆ, ಹಗಲು ಉದ್ದವಿರುವಷ್ಟು ದಿನ ಬರೀ ಬಳ್ಳಿ, ಬರೀ ಎಲೆ. ಹಗಲು ಗಿಡ್ಡವಾದ ಮೇಲೆಯೇ ಹೂವಿನ ಯೋಚನೆ. ರಾಗಿ ಕುಯ್ಲಾಗಿ ಕಣ ಸೇರಿದರೂ ಇದು ಹೊಲದಲ್ಲಿ ಕಾಯಿ ಬಿಡುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಜೂನ್‌ನ ದೀರ್ಘ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನ ಗಿಡ್ಡ ಹಗಲು ಸುಮಾರು 11 ಗಂಟೆ 20 ನಿಮಿಷ. ಆ ಒಂದೂವರೆ ಗಂಟೆಯ ಲೆಕ್ಕ ನಮಗೆ ತಪ್ಪಬಹುದು, ಅವರೆಗೆ ತಪ್ಪುವುದಿಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಈ ಹಟವನ್ನು ಬಿಡಿಸಿ ‘ಹೆಬ್ಬಾಳ ಅವರೆ-3’, ‘ಹೆಬ್ಬಾಳ ಅವರೆ-4’ ಎಂಬ ತಳಿಗಳನ್ನು ತಂದಿದೆ. ಹಗಲಿನ ಹಂಗಿಲ್ಲದೆ ಅವು ವರ್ಷವಿಡೀ ಕಾಯಿ ಕೊಡುತ್ತವೆ. ರೈತರಿಗೆ ಅನುಕೂಲವೇ. ಮೇಷ್ಟ್ರು ಮಾತ್ರ ಒಪ್ಪುವುದಿಲ್ಲ. “ಮೇ ತಿಂಗಳಲ್ಲಿ ಅವರೆಕಾಯಿ ತಿನ್ನೋದೂ ಒಂದೇ, ಎಪ್ಪತ್ತರಲ್ಲಿ ತಲೆಗೆ ಕಪ್ಪು ಬಳಿಯೋದೂ ಒಂದೇ” ಎನ್ನುತ್ತಾರೆ. ಮಂಕಿ ಕ್ಯಾಪಿನ ಕೆಳಗೆ ಏನಿದೆಯೆಂಬುದು ಅವರ ಮನೆಯವರಿಗಷ್ಟೇ ಗೊತ್ತು.

ಅಸಲು ಪರೀಕ್ಷೆ ಹಿತಕಿದ ಬೇಳೆಯದು. ಬಿಡಿಸಿದ ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಉಬ್ಬಿದ ಒಂದೊಂದನ್ನೂ ಹೆಬ್ಬೆರಳು–ತೋರುಬೆರಳ ನಡುವೆ ಹಿಡಿದು ಒತ್ತಬೇಕು. ಬೇಳೆ ಸಿಪ್ಪೆಯಿಂದ ಚಂಗನೆ ನೆಗೆಯುತ್ತದೆ. ಪಾತ್ರೆಗೋ, ಸೋಫಾದ ಕೆಳಗೋ ಎನ್ನುವುದು ಕೈಗುಣ. ಅವಸರದವರಿಗೆ ಒಗ್ಗುವ ಕೆಲಸವಲ್ಲ. ಮಗ ಒಂದು ಹಿಡಿ ಹಿತಕುವಷ್ಟರಲ್ಲಿ ಅಮೆರಿಕದ ಕಾಲ್ ಬರುತ್ತದೆ. ಸೊಸೆಗೆ ಕ್ಯಾಬ್ ಬರುತ್ತದೆ. ಕೊನೆಗೆ ಬೇಸಿನ್ನಿನ ಮುಂದೆ ಉಳಿಯುವವರು ಮೇಷ್ಟ್ರು, ಅವರ ಮನೆಯವರು, ಭಾನುವಾರವಾದರೆ ಮೊಮ್ಮಗಳು.

“ತಾತ, ನಿಂದು ಮಾತ್ರ ಹೇಗೆ ಸರಿಯಾಗಿ ಪಾತ್ರೆಗೇ ಬೀಳತ್ತೆ?”

ಇಂಥ ಪ್ರಶ್ನೆಗಾಗಿ ಅವರು ರಿಟೈರಾದ ದಿನದಿಂದ ಕಾದಿದ್ದಾರೆ. ಕೋನ ಎಷ್ಟಿರಬೇಕು, ಒತ್ತಡ ಎಲ್ಲಿ ಬೀಳಬೇಕು ಎಂದು ಶುರುವಾದ ಪಾಠ, ಟ್ಯೂಷನ್ನಿನಲ್ಲಿ ಅರ್ಥವಾಗದ ಅಧ್ಯಾಯವನ್ನು ದಾಟಿ, ಬೇಸಿನ್ ಖಾಲಿಯಾಗುವವರೆಗೂ ನಡೆಯುತ್ತದೆ. “ರೀ, ಬಾಯಿ ಸಾಕು, ಕೈ ಆಡಲಿ” ಎಂದು ಮನೆಯವರು ಎರಡು ಸಲ ಗಂಟೆ ಹೊಡೆದರೂ ಪೀರಿಯಡ್ ಮುಗಿಯುವುದಿಲ್ಲ.

ಆಮೇಲೆ ಒಂದು ವಾರ ಅವರೆಕಾಳು ಉಪ್ಪಿಟ್ಟು, ಹಿತಕಿದ ಬೇಳೆ ಸಾರು, ಅಕ್ಕಿರೊಟ್ಟಿ. ಸಾಲದ್ದಕ್ಕೆ ಅವರೆಬೇಳೆ ಮೇಳದಲ್ಲಿ ದೋಸೆ, ಹೋಳಿಗೆ. ಇಂಗು, ಶುಂಠಿ ಎಷ್ಟು ಹಾಕಿದರೂ ಹೊಟ್ಟೆ ತನ್ನ ಅಭಿಪ್ರಾಯವನ್ನು ಗಟ್ಟಿಯಾಗಿಯೇ ಹೇಳುತ್ತದೆ. ಡಾಕ್ಟರು ಪರೀಕ್ಷಿಸಿ, ಅವರೆಕಾಯಿ ನಿಲ್ಲಿಸಿ, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಮೇಷ್ಟ್ರು ಕ್ಯಾಲೆಂಡರ್ ತಿರುವಿ, ಸಂಕ್ರಾಂತಿ ದಾಟಿಸಿ, ರಥಸಪ್ತಮಿಯ ಆಚೆಗೊಂದು ದಿನ ಗೊತ್ತುಮಾಡಿಕೊಂಡು ಬಂದರು.