ಉಭಯದೇಶ ಪಂಡಿತ

ಸ್ವಗ್ರಾಮದಲ್ಲಿಯೇ ಹುಟ್ಟಿ, ಸ್ವಗ್ರಾಮದಲ್ಲಿಯೇ ಬೆಳೆದು, ಅಲ್ಲಿಯ ಬಾವಿಯ ನೀರನ್ನು ಕುಡಿದು, ಅಲ್ಲಿಯ ಗಡಿ ತಂಟೆಗಳಲ್ಲಿ ಯಥಾಶಕ್ತಿ ಭಾಗವಹಿಸಿ ಆಯುಷ್ಯವನ್ನು ಕಳೆದ ಮನುಷ್ಯನ ಅಭಿಪ್ರಾಯವನ್ನು ಯಾವ ವಿಷಯದಲ್ಲಿಯೂ ಯಾರೂ ಕೇಳುವುದಿಲ್ಲ. ಅದೇ ಮನುಷ್ಯನು ಮೀಸೆ ಇನ್ನೂ ಸರಿಯಾಗಿ ಬಲಿಯದ ವಯಸ್ಸಿನಲ್ಲಿ ಒಂದು ತಗಡಿನ ಪೆಟ್ಟಿಗೆಯನ್ನೂ ಸಿಡುಬಿನ ದಾಕು ಹಾಕಿಸಿಕೊಂಡ ಒಂದು ಸರ್ಟಿಫಿಕೇಟನ್ನೂ ಹಿಡಿದು ಸಮುದ್ರವನ್ನು ದಾಟಿದನೆಂದರೆ, ದಾಟಿದ ಕ್ಷಣದಿಂದಲೇ ತಾನು ಬಿಟ್ಟುಬಂದ ದೇಶದ ಸಮಸ್ತ ವಿಷಯಗಳಲ್ಲಿ ಪ್ರಮಾಣಪುರುಷನಾಗುತ್ತಾನೆ. ಮುಂದೊಂದು ದಿನ ಮರಳಿ ಬಂದನೆಂದರೆ, ಹೋಗಿದ್ದ ದೇಶದ ಸಮಸ್ತ ವಿಷಯಗಳಲ್ಲಿಯೂ ಆಗುತ್ತಾನೆ. ಈ ಪದವಿಗೆ ಪರೀಕ್ಷೆಯಿಲ್ಲ, ಶುಲ್ಕವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ವಿಷಯಜ್ಞಾನದ ನಿರ್ಬಂಧವಿಲ್ಲ.

ನಾನು 1962ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಹೊರಟು, ಶಿವಮೊಗ್ಗೆಯವರೆಗೆ ಬಸ್ಸಿನಲ್ಲಿಯೂ, ಬೀರೂರಿನಲ್ಲಿ ಒಮ್ಮೆ ಪುಣೆಯಲ್ಲಿ ಒಮ್ಮೆ ಗಾಡಿ ಬದಲಿಸುತ್ತ ಮುಂಬಯಿಯವರೆಗೆ ರೈಲಿನಲ್ಲಿಯೂ, ಅಲ್ಲಿಂದಾಚೆಗೆ ಏಡನ್, ಸೂಯೆಜ್, ಪೋರ್ಟ್ ಸೈದ್‌ಗಳ ಮಾರ್ಗವಾಗಿ ಹಡಗಿನಲ್ಲಿಯೂ ಪ್ರಯಾಣಮಾಡಿ, ಗಾಜಿನ ತಂತ್ರವಿಜ್ಞಾನವನ್ನು ಕಲಿಯುವ ಸಲುವಾಗಿ ಇಂಗ್ಲೆಂಡಿನ ಶೆಫೀಲ್ಡ್ ನಗರವನ್ನು ಸೇರಿದೆನು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ 1915ರಿಂದಲೂ ಗಾಜಿಗೆಂದೇ ಪ್ರತ್ಯೇಕವಾದೊಂದು ವಿಭಾಗವಿತ್ತು. ಅಡಿಕೆ ತೋಟದ ಮನೆಯ ಹುಡುಗನಿಗೆ ಗಾಜೇಕೆ ಎಂದು ಅಪ್ಪಯ್ಯ ಕೇಳಿದಾಗ ನಾನು ಕೊಟ್ಟ ಉತ್ತರವು ಈಗ ಮರೆತುಹೋಗಿದೆ. ಅದರಿಂದ ಅವರಿಗೆ ಸಮಾಧಾನವಾಗಲಿಲ್ಲವೆಂಬುದು ಮಾತ್ರ ಮರೆತಿಲ್ಲ. ವಿದೇಶೀ ವಿನಿಮಯಕ್ಕೆ ಕ್ಷಾಮವಿದ್ದ ಆ ಕಾಲದಲ್ಲಿ ನನ್ನ ಜೇಬಿನಲ್ಲಿ ಹೊರಟದ್ದು 3 ಪೌಂಡು. ಅದರಲ್ಲಿಯೂ ಒಂದು ಭಾಗವನ್ನು, ಪೋರ್ಟ್ ಸೈದ್‌ನಲ್ಲಿ ಹಡಗನ್ನು ಹತ್ತಿಬಂದ ಜಾದೂಗಾರನೊಬ್ಬನು ನನ್ನ ಕಿವಿಯೊಳಗಿನಿಂದ ಒಂದು ಜೀವಂತ ಕೋಳಿಮರಿಯನ್ನು ಹೊರತೆಗೆದ ಶ್ರಮಕ್ಕಾಗಿ ವಸೂಲು ಮಾಡಿಕೊಂಡನು. ಆ ಹಣ ದಂಡವಾಯಿತೆಂದು ಆಗ ಪರಿತಪಿಸಿದೆನಾದರೂ, ಆ ಕೋಳಿಮರಿ ಮುಂದೆ ನನ್ನ ಮಾನವನ್ನು ಕಾಯುವುದಿದೆಯೆಂದು ನನಗೇನು ಗೊತ್ತಿತ್ತು!

ಶೆಫೀಲ್ಡಿನಲ್ಲಿ ನನ್ನ ಪಾಂಡಿತ್ಯಕ್ಕೆ ಪಟ್ಟಾಭಿಷೇಕವಾದುದು ಒಂದು ಇಗರ್ಜಿಯ ಸಭಾಂಗಣದಲ್ಲಿ. ಭಾರತದ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಅಲ್ಲಿಯ ಮಹಿಳಾಮಂಡಲಿಯವರು ಕರೆದಿದ್ದರು. ತುಂಗಾತೀರದ ಎಳ್ಳಮಾವಾಸ್ಯೆ ಜಾತ್ರೆಯನ್ನು ಕುರಿತು ಒಂದು ಉಪನ್ಯಾಸವನ್ನು ನಾನು ಕಂಠಪಾಠ ಮಾಡಿಕೊಂಡು ಹೋಗಿದ್ದೆನು. ಅವರಿಗೆ ಬೇಕಾಗಿದ್ದುದು ತಾಜಮಹಲು. ನಮ್ಮೂರಿನಿಂದ ಆಗ್ರಾ ಹೆಚ್ಚುಕಡಿಮೆ ಶೆಫೀಲ್ಡಿನಿಂದ ರೋಮ್ ನಗರವಿರುವಷ್ಟು ದೂರದಲ್ಲಿದೆ. ಆ ಸಭೆಯಲ್ಲಿದ್ದ ಎಷ್ಟು ಮಂದಿ ರೋಮನ್ನು ನೋಡಿದ್ದರೋ ಅಷ್ಟೇ ಮಟ್ಟಿಗೆ ನಾನು ತಾಜಮಹಲನ್ನು ನೋಡಿದ್ದೆನು. ಆದರೂ ಬೆಳದಿಂಗಳಿನಲ್ಲಿ ಅದು ಕಾಣುವ ಬಗೆಯನ್ನು ವರ್ಣಿಸಿದೆನು. ಬಳಿಕ ಮುಂದಿನ ಸಾಲಿನ ವೃದ್ಧೆಯೊಬ್ಬರು, ಹಗ್ಗವನ್ನು ಆಕಾಶಕ್ಕೆ ಎಸೆದು ಅದರ ಮೇಲೆ ಹುಡುಗನನ್ನು ಹತ್ತಿಸಿ ಅದೃಶ್ಯನನ್ನಾಗಿ ಮಾಡುವ ಮಾಂತ್ರಿಕರನ್ನು ನಾನು ಕಣ್ಣಾರೆ ಕಂಡಿರಬೇಕಲ್ಲವೇ ಎಂದು ಕೇಳಿದರು. ನಮ್ಮಲ್ಲಿ ಹಗ್ಗದ ಮೇಲೆ ಭರವಸೆಯಿಟ್ಟು ಮೇಲಕ್ಕೆ ಹತ್ತುವವನು ಅಡಿಕೆಯ ಕೊನೆಗಾರನೊಬ್ಬನೇ. ಅವನು ಅದೃಶ್ಯನಾಗುವುದು ಮುಂಗಡ ಹಣ ಪಡೆದ ಮೇಲೆ ಮಾತ್ರ. ಆದರೆ ಆ ಸಾತ್ವಿಕ ಮುಖವನ್ನು ನಿರಾಶೆಗೊಳಿಸಲು ಮನಸ್ಸು ಬಾರದೆ, ನನ್ನ ಕೋಳಿಮರಿಯನ್ನು ಪೋರ್ಟ್ ಸೈದ್‌ನಿಂದ ಮೈಸೂರಿಗೆ ವರ್ಗಾಯಿಸಿ ಕಥೆಯನ್ನು ಹೇಳಿದೆನು. ಕರತಾಡನವಾಯಿತು. ಎಳ್ಳಮಾವಾಸ್ಯೆ ಜಾತ್ರೆ ನನ್ನ ಜೇಬಿನಲ್ಲಿಯೇ ಉಳಿಯಿತು.

ನಿಜವಾಗಿ ನಮಗೆ ಗೊತ್ತಿರುವ ವಿಷಯವನ್ನು ಮಾತ್ರ ಯಾರೂ ಒಪ್ಪುವುದಿಲ್ಲವೆಂಬುದಕ್ಕೆ ಮಳೆಯೇ ಸಾಕ್ಷಿ. ಶೆಫೀಲ್ಡಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 32 ಅಂಗುಲ. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ಸುಮಾರು 300 ಅಂಗುಲ. ಅವರ ಒಂದು ವರ್ಷದ ಮಳೆಯನ್ನು ನಮ್ಮ ಆಷಾಢವು ಒಂದೇ ಪಕ್ಷದೊಳಗೆ ಸುರಿದು ಕೈತೊಳೆದುಕೊಳ್ಳುತ್ತದೆ. ಇಷ್ಟಾದರೂ ನನ್ನ ಮನೆಯೊಡತಿ, ಕಿಟಕಿಯ ಹೊರಗೆ ಸೋನೆ ಬಿದ್ದಾಗಲೆಲ್ಲ, ಬಿಸಿಲಿನ ದೇಶದಿಂದ ಬಂದ ಮಗುವಿಗೆ ಇಂಥ ಘೋರವೃಷ್ಟಿಯನ್ನು ಸಹಿಸುವುದು ಕಷ್ಟವಾಗಿರಬೇಕೆಂದು ಮರುಗಿ, ಒಂದು ಬಟ್ಟಲು ಹೆಚ್ಚಿನ ಚಹಾ ಕೊಡುತ್ತಿದ್ದರು. ಮೊದಮೊದಲು ಅಂಗುಲಗಳ ಲೆಕ್ಕವನ್ನು ಹೇಳುತ್ತಿದ್ದೆನು. ಚಹಾ ನಿಂತುಹೋಗುವ ಸೂಚನೆ ಕಂಡುಬಂದ ಮೇಲೆ ಬಿಟ್ಟೆನು.

ಚಳಿಯ ವಿಷಯದಲ್ಲಿ ಮಾತ್ರ ಆ ಮಹಾತಾಯಿ ಅತ್ಯುಕ್ತಿ ಮಾಡಲಿಲ್ಲ. ನಾನು ಹೋದ ವರ್ಷವೇ, ಕ್ರಿಸ್‌ಮಸ್ಸಿನ ಮರುದಿನ ಆರಂಭವಾದ ಹಿಮವು 1963ರ ಮಾರ್ಚ್‌ವರೆಗೆ ಆ ದೇಶವನ್ನು ಬಿಟ್ಟು ಕದಲಲಿಲ್ಲ. ನಲ್ಲಿಗಳು ಹೆಪ್ಪುಗಟ್ಟಿದುವು, ಹಿತ್ತಲಿನಲ್ಲಿ ಒಣಹಾಕಿದ ನನ್ನ ಪಂಚೆಯು ಹಲಗೆಯಂತೆ ಸೆಟೆದು ನಿಂತಿತು. ಕೋಣೆಯನ್ನು ಬೆಚ್ಚಗಾಗಿಸುವ ಗ್ಯಾಸ್ ಒಲೆಗೆ ಒಂದು ಮೀಟರು. ಆ ಮೀಟರಿನ ಬಾಯಿಗೆ ಒಂದು ಶಿಲಿಂಗನ್ನು ಹಾಕಿದರೆ ಸ್ವಲ್ಪ ಹೊತ್ತು ಬೆಂಕಿ, ಶಿಲಿಂಗು ತೀರಿದೊಡನೆ ಪುನಃ ಹಿಮಾಲಯ. ಅಗ್ನಿದೇವನು ಹವಿಸ್ಸನ್ನು ಬಿಟ್ಟು ನಾಣ್ಯಗಳನ್ನು ಸ್ವೀಕರಿಸುವ ಕಾಲ ಬಂದಿತೆಂದು ಅಜ್ಜಿಗೆ ಕಾಗದ ಬರೆದೆನು. ಸಂಧ್ಯಾವಂದನೆ ನಡೆಯುತ್ತಿದೆಯೇ ಎಂದು ಮರುಟಪಾಲಿನಲ್ಲಿ ಪ್ರಶ್ನೆ ಬಂದಿತು. ಡಿಸೆಂಬರಿನ ಶೆಫೀಲ್ಡಿನಲ್ಲಿ ಸೂರ್ಯನು ಎಂಟು ಗಂಟೆಯ ಮೇಲೆ ಎದ್ದು ನಾಲ್ಕಕ್ಕೆ ಮುನ್ನವೇ ಮಲಗುತ್ತಾನೆ. ಈ ನಡುವೆಯೂ ಮೋಡದ ಕಂಬಳಿಯನ್ನು ಸರಿಸುವುದು ಅಪರೂಪ. ಅರ್ಘ್ಯವನ್ನು ಯಾವ ದಿಕ್ಕಿಗೆ ಬಿಡಬೇಕೆಂಬುದೇ ಸಂದಿಗ್ಧವಾದ ಸ್ಥಳದಲ್ಲಿ ಕರ್ಮಲೋಪದ ಜವಾಬ್ದಾರಿ ನನ್ನದೋ ಭಗವಾನ್ ಭಾಸ್ಕರನದೋ ಎಂಬ ಜಿಜ್ಞಾಸೆಯನ್ನು ನಾನು ಬೆಳೆಸಿದೆನು. ಅಜ್ಜಿ ಅದಕ್ಕೆ ಉತ್ತರಿಸದೆ ಒಂದು ಡಬ್ಬಿ ಉಪ್ಪಿನಕಾಯಿ ಕಳುಹಿಸಿದರು.

ನನಗೆ ಪ್ರಾಮಾಣಿಕವಾಗಿ ಪರಿಣತಿಯಿದ್ದ ವಿಷಯವೊಂದಿತ್ತು, ಅದು ಚಿಲ್ಲರೆ. 1957ರ ಏಪ್ರಿಲ್ 1ರಂದು ನಮ್ಮಲ್ಲಿ ನಯಾ ಪೈಸೆ ಬಂದಾಗ, ರೂಪಾಯಿಗೆ 16 ಆಣೆಯೆಂಬ ಸನಾತನ ಸತ್ಯವನ್ನು ತ್ಯಜಿಸಿ 100 ಪೈಸೆಯ ನೂತನ ಮತಕ್ಕೆ ಸೇರಲು ಅಜ್ಜಿ ಸುತರಾಂ ಒಪ್ಪಲಿಲ್ಲ. ಒಂದಾಣೆಗೆ ಆರೂಕಾಲು ಪೈಸೆಯೆಂದು ನಾನು ಲೆಕ್ಕ ಬಿಡಿಸಿ ತೋರಿಸಿದರೆ, "ಆ ಕಾಲು ಯಾರ ಹೊಟ್ಟೆಗೆ ಹೋಗ್ತದೆ, ಅದನ್ನು ಹೇಳು" ಎಂದರು. ಹೀಗೆ ದಶಮಾಂಶದಲ್ಲಿ ದೀಕ್ಷೆ ಪಡೆದು ಇಂಗ್ಲೆಂಡಿಗೆ ಹೋದರೆ, ನಾಗರಿಕತೆಯ ತವರೆಂದು ಕೇಳಿದ್ದ ಆ ದೇಶವು ಪೌಂಡಿಗೆ 20 ಶಿಲಿಂಗು, ಶಿಲಿಂಗಿಗೆ 12 ಪೆನ್ನಿ ಎಂಬ ನಮ್ಮ ಅಜ್ಜಿಯ ಪಕ್ಷದಲ್ಲಿಯೇ ಇನ್ನೂ ಇದ್ದಿತು. ಕಡೆಗೆ 1971ರ ಫೆಬ್ರವರಿ 15ರಂದು ಅಲ್ಲಿಯೂ ಪೌಂಡಿಗೆ 100 ಹೊಸ ಪೆನ್ನಿಗಳಾದುವು. ಒಂದು ಹೊಸ ಪೆನ್ನಿಗೆ ಹಳೆಯವು 2.4. ಮನೆಯೊಡತಿ ಅಂಗಡಿಯಿಂದ ಬಂದು, ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿ, ಆ 0.4 ಅಂಗಡಿಯವನ ಜೇಬಿಗೆ ಹೋಗುವುದೆಂದು ಘೋಷಿಸಿದರು. ಹದಿನಾಲ್ಕು ವರ್ಷಗಳ ಅನುಭವವನ್ನು ಬೆನ್ನಿಗಿಟ್ಟುಕೊಂಡು ನಾನು ಅಭಯಪ್ರದಾನ ಮಾಡಿದೆನು. ಅವರು ನನ್ನನ್ನು ಕರುಣೆಯಿಂದ ನೋಡಿ, ನಮ್ಮ ಹಣವೇ ಬೇರೆ ಅವರ ಹಣವೇ ಬೇರೆಯೆಂದೂ, ಬೇಕಾದರೆ ಹುಲಿಗಳ ವಿಷಯ ಹೇಳಬಹುದೆಂದೂ ಅಪ್ಪಣೆ ಕೊಡಿಸಿದರು.

ನಾನು ಮರಳಿದುದು 1974ರಲ್ಲಿ. ಏಕೆ ಮರಳಿದೆನೆಂಬುದಕ್ಕೆ ಅಲ್ಲಿಯವರಿಗೆ ಒಂದು ಕಾರಣವನ್ನೂ ಇಲ್ಲಿಯವರಿಗೆ ಇನ್ನೊಂದನ್ನೂ ಹೇಳಿದ್ದೇನೆ, ಎರಡೂ ಸುಳ್ಳಲ್ಲ. ಯಾರಿಗೂ ಹೇಳದ ಮೂರನೆಯದು ನಮ್ಮ ಬಚ್ಚಲುಮನೆ. ವಾರಕ್ಕೊಂದು ಸ್ನಾನವನ್ನು ಪಾಳಿಯ ಪ್ರಕಾರ, ಅದೂ ನೀರು ಮೊಣಕಾಲನ್ನು ಮುಟ್ಟದ ಒಂದು ತೊಟ್ಟಿಯಲ್ಲಿ ಮಾಡುತ್ತಿದ್ದವನಿಗೆ, ಅಡಿಕೆಸಿಪ್ಪೆಯ ಬೆಂಕಿಯ ಮೇಲೆ ಹಗಲಿರುಳೂ ಕುದಿಯುತ್ತಿರುವ ತಾಮ್ರದ ಹಂಡೆಯೊಂದು ಕನಸಿನಲ್ಲಿ ಬರತೊಡಗಿದರೆ, ಅವನು ಎಷ್ಟು ದಿನ ತಾನೇ ಗಾಜನ್ನು ಪ್ರೀತಿಸಿಯಾನು? ನಾನಿಲ್ಲದ ಸಮಯವನ್ನು ನೋಡಿ ಮೈಸೂರು ರಾಜ್ಯವು 1973ರ ನವೆಂಬರ್ 1ರಂದು ಕರ್ನಾಟಕವಾಗಿಬಿಟ್ಟಿತ್ತು. ಊರಿನವರು ನನಗೂ ಒಂದು ಹೊಸ ಹೆಸರನ್ನು ಸಿದ್ಧವಾಗಿಟ್ಟಿದ್ದರು. ಲಂಡನ್ನನ್ನು ನಾನು ಕಂಡುದು ಬಲು ಅಪರೂಪ. ಆದರೂ ಅಂದಿನಿಂದ ಇಂದಿನವರೆಗೆ ನಾನು ಲಂಡನ್ ರಾಯರು.

ಲಂಡನ್ ರಾಯರ ಜಗಲಿಗೆ ಮೊದಲು ಬಂದವರು ಹೆಡ್ ಮಾಸ್ತರರು. ಅವರು ಶಿವರಾಮ ಕಾರಂತರ ಯುರೋಪ್ ಪ್ರವಾಸ ಕಥನವಾದ ‘ಅಪೂರ್ವ ಪಶ್ಚಿಮ’ವನ್ನು ಆದ್ಯಂತವಾಗಿ ಓದಿದ್ದರು. ಅಲ್ಲಿಯ ಚಿತ್ರಶಾಲೆಗಳನ್ನು ಕುರಿತು ಅವರು ಕೇಳಿದ ಪ್ರಶ್ನೆಗಳಿಗೆ ನಾನು ಗಂಭೀರವಾಗಿ ತಲೆದೂಗುತ್ತಿದ್ದೆನು. ನನ್ನ ತಲೆದೂಗುವಿಕೆಯಿಂದ ಕಾರಂತರು ಬರೆದದ್ದು ಸತ್ಯವೆಂದು ಅವರು ನಿಶ್ಚಯಿಸಿಕೊಂಡು ಹೋದರು. ಬಳಿಕ ಬಂದವರು ದೊಡ್ಡಪ್ಪ.

"ಅಲ್ಲ ಮಾರಾಯ, ಅಲ್ಲಿ ಕೊಳೆಗೆ ಎಂತ ಹೊಡೀತಾರೆ?"

"ಅಲ್ಲಿ ಅಡಿಕೆ ಮರವೇ ಇಲ್ಲ ದೊಡ್ಡಪ್ಪ."

"ಮರ ಇಲ್ಲದಿದ್ರೆ ಏನಾಯ್ತು, ಅಷ್ಟು ಮುಂದುವರಿದ ದೇಶದಲ್ಲಿ ಮದ್ದಾದರೂ ಇರಬೇಕಲ್ಲ?"

ಮದ್ದು ನಮ್ಮ ಅಂಗಳದಲ್ಲಿಯೇ ಇತ್ತು. ಮಳೆಗಾಲ ಹಿಡಿಯುವ ಮುನ್ನ ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿ ಗೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣವು ಫ್ರಾನ್ಸಿನ ದ್ರಾಕ್ಷಿಯ ತೋಟಗಳಲ್ಲಿ ಹುಟ್ಟಿ ಅಲ್ಲಿಯ ಊರಿನ ಹೆಸರನ್ನೇ ಹೊತ್ತು ಬಂದುದು. ಅದನ್ನು ನಮ್ಮ ಕೊಳೆರೋಗಕ್ಕೆ ಹೊಂದಿಸಿಕೊಟ್ಟವರು, 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದು ಮಲೆನಾಡಿನ ಜಿಗಣೆಗಳಿಗೆ ರಕ್ತವನ್ನಿತ್ತು ಈ ರೋಗವನ್ನು ಅಭ್ಯಾಸ ಮಾಡಿದ ಲೆಸ್ಲಿ ಕೋಲ್‌ಮನ್ ಎಂಬ ಕೆನಡಾ ದೇಶದ ವಿಜ್ಞಾನಿ. ಹೊರದೇಶದವನೊಬ್ಬನು ಇಲ್ಲಿಗೆ ಬಂದು ಅಡಿಕೆಯನ್ನು ಕಲಿತನು. ಅಡಿಕೆಯ ಮನೆಯವನೊಬ್ಬನು ಹೊರದೇಶಕ್ಕೆ ಹೋಗಿ ಗಾಜನ್ನು ಕಲಿತು ಬಂದನು. ಈ ವಿನಿಮಯದಲ್ಲಿ ನಷ್ಟ ಯಾರಿಗಾಯಿತೆಂಬ ವಿಷಯದಲ್ಲಿ ದೊಡ್ಡಪ್ಪನಿಗೆ ಲೇಶವೂ ಸಂಶಯವಿರಲಿಲ್ಲ. ಮರುದಿನದಿಂದಲೇ ನನ್ನನ್ನು ಮೈಲುತುತ್ತ ಕರಗಿಸುವ ಪೀಪಾಯಿಯ ಬಳಿ ನಿಲ್ಲಿಸಿದರು. ಗಾಜು ನನ್ನ ಕೈಬಿಟ್ಟಿತು, ತೋಟ ಹಿಡಿದುಕೊಂಡಿತು.

ಈಗ ನನಗೆ ವಯಸ್ಸಾಗಿದೆ. ಊರಿನ ಮಕ್ಕಳು ಮೊಮ್ಮಕ್ಕಳು ಸಾಲುಸಾಲಾಗಿ ಅಮೆರಿಕ ಆಸ್ಟ್ರೇಲಿಯಗಳಿಗೆ ಹೋಗಿ, ಪ್ರತಿದಿನವೂ ಫೋನಿನಲ್ಲಿ ಮುಖ ತೋರಿಸುತ್ತಿರುವುದರಿಂದ, ಶೀಮೆಯ ವಿಷಯದಲ್ಲಿ ನನ್ನನ್ನು ಕೇಳುವವರಿಲ್ಲ. ಆದರೆ ಪಂಡಿತನಿಗೆ ನಿವೃತ್ತಿಯೆಂಬುದುಂಟೇ? ಊರಿನ ಹಿರಿಯನೆಂಬ ಕಾರಣದಿಂದ ನಾನೀಗ ಊರಿಗೇ ಪ್ರಮಾಣಪುರುಷನಾಗಿದ್ದೇನೆ. ಈಚೆಗೆ ಸಂಶೋಧನೆ ಮಾಡುತ್ತಿರುವ ಹುಡುಗಿಯೊಬ್ಬಳು ಬಂದು, ನಮ್ಮ ಹಳ್ಳಿಗೆ ವಿದ್ಯುದ್ದೀಪ ಬಂದ ಸಂಜೆಯನ್ನು ಕಂಡವರು ನೀವೊಬ್ಬರೇ ಉಳಿದಿರುವುದಂತೆ, ದಯವಿಟ್ಟು ಹೇಳಬೇಕು ಎಂದು ಕೈಮುಗಿದಳು. ಆ ದೀಪ ಹತ್ತಿದಾಗ ನಾನು ಶೆಫೀಲ್ಡಿನಲ್ಲಿ ಮೀಟರಿಗೆ ಶಿಲಿಂಗು ಹಾಕುತ್ತಿದ್ದೆನು. ಆದರೆ ಇಗರ್ಜಿಯ ಸಭಾಂಗಣದಲ್ಲಿ ಪಡೆದ ಶಿಕ್ಷಣ ವ್ಯರ್ಥವಾಗುವುದಿಲ್ಲ. ಮೊದಲು ಯಾರ ಜಗಲಿಯಲ್ಲಿ ಹೊತ್ತಿತು, ನಮ್ಮ ಅಜ್ಜಿ ಎದ್ದು ಹೇಗೆ ಕೈಮುಗಿದರು, ಕೊಟ್ಟಿಗೆಯ ಎಮ್ಮೆ ಬೆದರಿ ಹೇಗೆ ಹಗ್ಗ ಹರಿದುಕೊಂಡಿತು ಎಂಬುದನ್ನೆಲ್ಲ ಸವಿಸ್ತಾರವಾಗಿ ನಿರೂಪಿಸಿದೆನು. ಆಕೆ ಭಕ್ತಿಯಿಂದ ಬರೆದುಕೊಳ್ಳುತ್ತಿದ್ದವಳು ತಲೆಯೆತ್ತಿ, ಆ ಹೊತ್ತು ಮಳೆ ಬರುತ್ತಿತ್ತೇ ಎಂದು ಕೇಳಿದಳು. ಹೌದೆಂದೆನು. ತೀರ್ಥಹಳ್ಳಿಯ ಸೀಮೆಯಲ್ಲಿ ಆ ಉತ್ತರ ತಪ್ಪಾಗುವ ಸಂಭವ ತೀರ ಕಡಿಮೆ.