ಹಸಿ ಮಾಂಸದ ಪೆಟ್ಟಿಗೆ ಮನೆಗೆ ಬರುವ ಮುನ್ನ

ನಾಯಿಗೆ ಹಸಿ ಮಾಂಸ ಹಾಕಲೆಂದು ಫ್ರೀಜರ್ ಕೊಳ್ಳಹೊರಟಿರುವ ಬೆಂಗಳೂರಿನ ಶ್ವಾನಪ್ರಿಯರಿಗೆ,

ಅಂಗಡಿಗೆ ಹೋದಾಗ ನೀವು ಎಷ್ಟು ಲೀಟರು, ಎಷ್ಟು ಸ್ಟಾರು, ಕಂತು ಎಷ್ಟು ಎಂದು ವಿಚಾರಿಸುತ್ತೀರಿ. ಆ ಪೆಟ್ಟಿಗೆಯೊಳಗೆ ಏನು ಸಾಯುತ್ತದೆ, ಏನು ಸಾಯುವುದಿಲ್ಲ ಎಂದು ಕೇಳುವವರು ಕಡಿಮೆ. ಫ್ರೀಜರಿನ ಗಾತ್ರ, ಅದನ್ನಿಡುವ ಜಾಗ ಎಲ್ಲವೂ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಹಸಿ ಮಾಂಸ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಹಳೆಯದು. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲಿಂಗ್‌ಹರ್ಸ್ಟ್ 1993ರಲ್ಲಿ ಪುಸ್ತಕ ಬರೆದು, ಹಸಿ ಎಲುಬು ಮಾಂಸವೇ ನಾಯಿಯ ಸಹಜ ಆಹಾರ ಎಂದರು. ಅಮೆರಿಕದ ಪಶುವೈದ್ಯಕೀಯ ಸಂಘ 2012ರಲ್ಲಿ ಬೇಯಿಸದ ಮಾಂಸ ನಾಯಿ ಬೆಕ್ಕುಗಳಿಗೆ ಬೇಡ ಎಂಬ ನಿಲುವು ತಳೆಯಿತು. ನನ್ನ ಒಲವು ಬೇಯಿಸಿದ ಊಟದ ಕಡೆಗೇ. ತೋಳಕ್ಕಿಂತ ನಾಯಿಗೆ ಪಿಷ್ಟ ಅರಗಿಸುವ ಶಕ್ತಿ ಹೆಚ್ಚು ಎಂಬುದನ್ನು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ವಂಶವಾಹಿಯ ಮಟ್ಟದಲ್ಲೇ ತೋರಿಸಿದ್ದಾರೆ. ಬಾಗಲಕೋಟೆ ಸೀಮೆಯ ಮುಧೋಳ ನಾಯಿಗಳು ಜೋಳದ ರೊಟ್ಟಿ, ಹಾಲು ಉಂಡೂ ಮೊಲದ ಬೆನ್ನಟ್ಟಿವೆ. ಆದರೂ ನೀವು ಆಗಲೇ ಮನಸ್ಸು ಮಾಡಿದ್ದೀರಿ. ಹಾಗಿದ್ದ ಮೇಲೆ ಅದನ್ನು ಸರಿಯಾಗಿ ಮಾಡಿ ಎಂದು ಕೇಳಿಕೊಳ್ಳುವುದಷ್ಟೇ ನನ್ನ ಕೆಲಸ.

ಫ್ರೀಜರ್ ಮಾಂಸವನ್ನು ಶುದ್ಧ ಮಾಡುವುದಿಲ್ಲ. ಸಾಲ್ಮೊನೆಲ್ಲಾ, ಇ-ಕೋಲಿ, ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾಗಳು ಮೈನಸ್ 18 ಡಿಗ್ರಿಯಲ್ಲಿ ಬೆಳೆಯುವುದನ್ನು ನಿಲ್ಲಿಸಿ ನಿದ್ದೆ ಹೋಗುತ್ತವೆ. ಮಾಂಸ ಕರಗಿದಾಗ ಎದ್ದು ಕೂರುತ್ತವೆ. ಲಿಸ್ಟೀರಿಯಾ ಅಂತೂ ಮಾಮೂಲಿ ಫ್ರಿಜ್ಜಿನ 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯಬಲ್ಲದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರಿಂದ 2012ರವರೆಗೆ ನಡೆಸಿದ ಪರೀಕ್ಷೆಯಲ್ಲಿ, ಮಾರುಕಟ್ಟೆಯ 196 ಹಸಿ ಸಾಕುಪ್ರಾಣಿ ಆಹಾರದ ಮಾದರಿಗಳ ಪೈಕಿ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕಿತು. ಅವು ಕಾರ್ಖಾನೆಯಲ್ಲಿ ತಯಾರಾದವು. ನಮ್ಮಲ್ಲಿ ಬೆಳಗ್ಗೆ ಕಡಿದು, ಬಿಸಿ ಆರುವ ಮುಂಚೆಯೇ ಪ್ಲಾಸ್ಟಿಕ್ ಚೀಲಕ್ಕೆ ಬೀಳುವ ಕೋಳಿಗೆ ಆ ಮಟ್ಟದ ತಪಾಸಣೆಯೂ ಇರುವುದಿಲ್ಲ. ವೈರಸ್ಸುಗಳನ್ನು ಚಳಿ ಇನ್ನೂ ಚೆನ್ನಾಗಿ ಕಾಪಾಡುತ್ತದೆ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಅಂಥ ಸುದ್ದಿ ಬಂದ ವಾರಗಳಲ್ಲಿ ಕೋಳಿಯನ್ನು ಕುದಿಸದೆ ನಾಯಿಗೆ ಹಾಕಬೇಡಿ, ಅದು ಎಷ್ಟೇ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೂ.

ಚಳಿ ನಿಜವಾಗಿ ಕೊಲ್ಲುವುದು ಕೆಲವು ಪರೋಪಜೀವಿಗಳನ್ನು. ಈ ವಿಷಯಕ್ಕೆ ನಮ್ಮಲ್ಲಿ ಸಿಗಬೇಕಾದ ಗಮನ ಸಿಕ್ಕಿಲ್ಲ. ಕುರಿ, ಆಡು, ಎಮ್ಮೆಗಳ ಪಿತ್ತಜನಕಾಂಗ ಮತ್ತು ಶ್ವಾಸಕೋಶದಲ್ಲಿ ನೀರುಗುಳ್ಳೆಯಂಥ ಗಂಟುಗಳಿರುವುದನ್ನು ಮಾಂಸದಂಗಡಿಯವರು ನೋಡಿಯೇ ಇರುತ್ತಾರೆ. ಅವು ಹೈಡಾಟಿಡ್ ಗಂಟುಗಳು, ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳ ಮನೆ. ನಾಯಿ ಆ ಲಿವರನ್ನು ಹಸಿಯಾಗಿ ತಿಂದರೆ ಹುಳು ಅದರ ಕರುಳಿನಲ್ಲಿ ಬೆಳೆದು, ಕಣ್ಣಿಗೆ ಕಾಣದ ಮೊಟ್ಟೆಗಳು ಮಲದಲ್ಲಿ ಬೀಳುತ್ತವೆ, ರೋಮಕ್ಕೂ ಅಂಟುತ್ತವೆ. ನಾಯಿಗೆ ಏನೂ ಆಗಿರುವುದಿಲ್ಲ. ಅದನ್ನು ಅಪ್ಪಿಕೊಂಡ ಮಗುವಿನ ಲಿವರಿನಲ್ಲೋ ಶ್ವಾಸಕೋಶದಲ್ಲೋ ವರ್ಷಗಟ್ಟಲೆ ಸದ್ದಿಲ್ಲದೆ ಗಂಟು ಬೆಳೆಯುತ್ತದೆ, ಕೊನೆಗೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಮಾಂಸದಂಗಡಿಯಲ್ಲಿ ಅಗ್ಗಕ್ಕೋ ಬಿಟ್ಟಿಗೋ ಸಿಗುವುದು ಪ್ರಾಣಿಗಳ ಇಂಥ ಒಳಭಾಗಗಳೇ ಎಂಬುದನ್ನು ಮರೆಯಬೇಡಿ. ಗಂಟಿರುವ ತುಂಡನ್ನು ತರಲೇಬೇಡಿ. ಕಣ್ಣಿಗೆ ಚೊಕ್ಕಟವಾಗಿ ಕಂಡದ್ದನ್ನೂ ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ 10 ದಿನ ಇಟ್ಟ ಮೇಲೆಯೇ ಹೊರತೆಗೆಯಿರಿ. ಪಶುವೈದ್ಯರನ್ನು ಕೇಳಿ ಲಾಡಿಹುಳುವಿನ ಔಷಧವನ್ನೂ ಕಾಲಕಾಲಕ್ಕೆ ಕೊಡಿಸಿ.

ಹಾಗಾಗಿ ನೀವು ಕೊಳ್ಳುವ ಫ್ರೀಜರ್ ಮೈನಸ್ 20ಕ್ಕೆ ಇಳಿದು ಅಲ್ಲೇ ನಿಲ್ಲಬೇಕು. ಅಡುಗೆಮನೆಯ ಫ್ರಿಜ್ಜಿನ ಮೇಲಿನ ಖಾನೆ ದಿನಕ್ಕೆ ಹಲವು ಬಾರಿ ತೆರೆದುಕೊಳ್ಳುತ್ತದೆ. ಫ್ರಾಸ್ಟ್ ಫ್ರೀ ಆಗಿದ್ದರೆ ಹಿಮ ಕರಗಿಸಲು ತಾನೇ ಆಗಾಗ ಬಿಸಿ ಮಾಡಿಕೊಳ್ಳುತ್ತದೆ. ಮೇಲಕ್ಕೆ ಮುಚ್ಚಳ ತೆರೆಯುವ ಪೆಟ್ಟಿಗೆ ಮಾದರಿ ಈ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ತಣ್ಣನೆಯ ಗಾಳಿ ಭಾರ, ಮುಚ್ಚಳ ಎತ್ತಿದರೂ ಅದು ಒಳಗೇ ಉಳಿಯುತ್ತದೆ. ನಿಲುವು ಮಾದರಿಯ ಬಾಗಿಲು ತೆಗೆದರೆ ಚಳಿಯೆಲ್ಲ ಕಾಲಬುಡಕ್ಕೆ ಸುರಿದುಹೋಗುತ್ತದೆ. ಐಸ್‌ಕ್ರೀಮ್ ಅಂಗಡಿಯ ಗಾಜಿನ ಮುಚ್ಚಳದ್ದು ಬೇಡ, ಗಟ್ಟಿ ಮುಚ್ಚಳದಷ್ಟು ಚಳಿಯನ್ನು ಅದು ಹಿಡಿದಿಡುವುದಿಲ್ಲ. ಹಣ ಉಳಿದರೆ ಒಂದು ಥರ್ಮಾಮೀಟರ್ ತನ್ನಿ. ಹಣ ಉಳಿಯದಿದ್ದರೂ ತನ್ನಿ. ಗುಂಡಿಯ ಮೇಲಿನ 1, 2, 3 ಅಂಕಿಗಳು ಒಳಗಿನ ಉಷ್ಣಾಂಶವನ್ನು ಹೇಳುವುದಿಲ್ಲ.

ಗಾತ್ರದ ವಿಷಯದಲ್ಲಿ ಬಹಳಷ್ಟು ಜನ ದೊಡ್ಡದನ್ನೇ ತರುತ್ತಾರೆ. ಸಾಮಾನ್ಯವಾಗಿ ಹೇಳುವ ಲೆಕ್ಕ, ಬೆಳೆದ ನಾಯಿಗೆ ದಿನಕ್ಕೆ ಮೈತೂಕದ ಶೇಕಡ 2ರಿಂದ 3. ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್‌ಗೆ 600ರಿಂದ 900 ಗ್ರಾಂ, ತಿಂಗಳಿಗೆ 18ರಿಂದ 27 ಕಿಲೋ. ನೂರು ಲೀಟರಿನ ಪೆಟ್ಟಿಗೆಯಲ್ಲಿ ಅಷ್ಟು ಹಿಡಿದು ಜಾಗ ಉಳಿಯುತ್ತದೆ. ಮುನ್ನೂರು ಲೀಟರಿನದು ತಂದರೆ ಅದನ್ನು ತುಂಬಿಸುವ ಆಸೆ ಹುಟ್ಟುತ್ತದೆ, ತಳದಲ್ಲಿರುವುದು ಯಾವ ತಿಂಗಳಿನದೆಂದು ಯಾರಿಗೂ ನೆನಪಿರುವುದಿಲ್ಲ, ಕರೆಂಟು ಹೋದ ದಿನ ನಷ್ಟವೂ ಮೂರು ಪಟ್ಟು. ಐದಡಿ ಎತ್ತರದ ಮನುಷ್ಯರಿಗೆ ಅದರ ತಳ ಕೈಗೂ ಎಟುಕುವುದಿಲ್ಲ.

ಒಂದೇ ಭಾನುವಾರ ಇಪ್ಪತ್ತು ಕಿಲೋ ತಂದು ಒಟ್ಟಿಗೆ ಸುರಿಯುವುದೂ ತಪ್ಪು. ಯಾವ ಫ್ರೀಜರಿಗಾದರೂ 24 ಗಂಟೆಯಲ್ಲಿ ಇಷ್ಟೇ ಕಿಲೋ ಹೆಪ್ಪುಗಟ್ಟಿಸುವ ಮಿತಿ ಇರುತ್ತದೆ, ಕೈಪಿಡಿಯಲ್ಲಿ ಹುಡುಕಿ. ಮಿತಿ ಮೀರಿದರೆ ರಾಶಿಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಮೊದಲೇ ಗಟ್ಟಿಯಾಗಿದ್ದ ಪೊಟ್ಟಣಗಳೂ ಮೆತ್ತಗಾಗುತ್ತವೆ. ಒಂದೊಂದು ಹೊತ್ತಿನ ಊಟವನ್ನು ಎರಡು ಬೆರಳು ದಪ್ಪಕ್ಕೆ ಚಪ್ಪಟೆ ಮಾಡಿ, ಮೊದಲು ಫ್ರಿಜ್ಜಿನಲ್ಲಿ ತಣಿಸಿ, ಮೇಲೆ ತಾರೀಕು ಬರೆದು ಇಡಿ. ಹತ್ತು ದಿನ ತುಂಬಿದ್ದು ಒಂದು ಬುಟ್ಟಿಯಲ್ಲಿ, ತುಂಬದ್ದು ಇನ್ನೊಂದರಲ್ಲಿ.

ಇನ್ನು ಜಾಗ. ಅಪಾರ್ಟ್‌ಮೆಂಟಿನವರಿಗೆ ತಟ್ಟನೆ ಹೊಳೆಯುವುದು ಯುಟಿಲಿಟಿ. ಅಲ್ಲೇ ವಾಷಿಂಗ್ ಮೆಷಿನ್, ಅಲ್ಲೇ ಗ್ಯಾಸ್ ಸಿಲಿಂಡರ್. ಎಲ್‌ಪಿಜಿ ಗಾಳಿಗಿಂತ ಭಾರವಾದದ್ದು, ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಫ್ರೀಜರಿನ ಕಂಪ್ರೆಸರ್ ಇರುವುದೂ ನೆಲಮಟ್ಟದಲ್ಲೇ, ಅದು ಚಾಲೂ ಆಗುವಾಗ ಕಿಡಿ ಹಾರಬಹುದು. ದಯವಿಟ್ಟು ಸಿಲಿಂಡರಿನ ಪಕ್ಕದಲ್ಲಿಡಬೇಡಿ, ಮುಚ್ಚಿದ ಕಪಾಟಿನೊಳಗೂ ಬೇಡ. ಇಂದಿನ ಬಹಳಷ್ಟು ಮಾದರಿಗಳೊಳಗಿನ ಶೀತಕವೇ ಉರಿಯುವ ಅನಿಲ. ಹಿಮವನ್ನು ಚಾಕುವಿನಿಂದ ಕೆರೆಯಬಾರದೆನ್ನುವುದೂ ಆ ಕಾರಣಕ್ಕೇ.

ಟೆರೇಸಿನ ತಗಡಿನ ಶೆಡ್ ಇನ್ನೊಂದು ಆಮಿಷ. ಫ್ರೀಜರಿಗೆ ಅಂಟಿಸಿದ ಮಾಹಿತಿ ಪಟ್ಟಿಯ ಮೇಲೆ ಹವಾಮಾನ ವರ್ಗದ ಅಕ್ಷರ ಇರುತ್ತದೆ: ‘ಎನ್’ ಅಂದರೆ ಸುತ್ತಲಿನ 32 ಡಿಗ್ರಿವರೆಗೆ, ‘ಟಿ’ ಅಂದರೆ 43ರವರೆಗೆ ಅದು ಸರಿಯಾಗಿ ಕೆಲಸ ಮಾಡಬೇಕು. ಏಪ್ರಿಲ್‌ನಲ್ಲಿ ಬೆಂಗಳೂರೇ 35 ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಹೆಚ್ಚು. ಕಲಬುರಗಿ, ರಾಯಚೂರಿನಿಂದ ಇದನ್ನು ಓದುತ್ತಿರುವವರು ‘ಟಿ’ಯನ್ನೇ ತಂದು ಮನೆಯ ಒಳಗೇ ಇಡಬೇಕು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಬಾಲ್ಕನಿಗಿಟ್ಟ ಪೆಟ್ಟಿಗೆಗೆ ಬೇಗ ತುಕ್ಕು ಹತ್ತುತ್ತದೆ. ಎಲ್ಲಿಟ್ಟರೂ ನೆಲ ಸಮವಿರಲಿ, ಗೋಡೆಯಿಂದ ಒಂದು ಗೇಣಿನಷ್ಟು ದೂರವಿರಲಿ, ಅರ್ತಿಂಗ್ ಇರುವ ಸ್ವಂತ ಪ್ಲಗ್ ಇರಲಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಮಕ್ಕಳಿರುವ ಮನೆಯಲ್ಲಿ ಮುಚ್ಚಳಕ್ಕೆ ಬೀಗ ಹಾಕಿ ಕೀಲಿಯನ್ನು ಎತ್ತರದಲ್ಲಿಡಿ. ಕಣ್ಣಾಮುಚ್ಚಾಲೆಯ ವಯಸ್ಸಿನವರಿಗೆ ಆ ಪೆಟ್ಟಿಗೆ ಸಾವಿನ ಜಾಗ.

ಮನೆಯಲ್ಲಿ ಮಾಂಸ ಮುಟ್ಟದ ಅಮ್ಮನೋ ಅತ್ತೆಯೋ ಇದ್ದರೆ ಜಾಗ ಗೊತ್ತು ಮಾಡುವ ಮೊದಲು ಅವರನ್ನು ಕೇಳಿ. ದೇವರ ಕೋಣೆಯ ಗೋಡೆಗೆ ಒರಗಿಸಿ ಆಮೇಲೆ ಒಪ್ಪಿಸುವುದು ಅವರ ಮನೆಯಲ್ಲಿ ಅವರನ್ನೇ ಹೊರಗಿನವರನ್ನಾಗಿ ಮಾಡಿದಂತೆ. ಬಸುರಿ, ಎಳೆಗೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇರುವ ಮನೆಯಾದರೆ ಫ್ರೀಜರ್ ಕೊಳ್ಳುವ ಯೋಚನೆಯನ್ನೇ ಬಿಟ್ಟು ಕುಕ್ಕರ್ ಇಡಿ. ಇದರಲ್ಲಿ ರಾಜಿಗೆ ನಾನು ಸಿದ್ಧನಿಲ್ಲ.

ಕರೆಂಟು ಹೋದಾಗ ಮುಚ್ಚಳ ತೆರೆಯಬೇಡಿ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ ಎನ್ನುತ್ತಾರೆ. ನಮ್ಮ ಬೇಸಿಗೆಯಲ್ಲಿ ಅಷ್ಟನ್ನು ನಂಬಬೇಡಿ. ಊರಿಗೆ ಹೋಗುವಾಗ ಒಂದು ಲೋಟ ನೀರನ್ನು ಒಳಗೆ ಹೆಪ್ಪುಗಟ್ಟಿಸಿ ಮೇಲೆ ನಾಣ್ಯ ಇಟ್ಟು ಹೋಗಿ. ಬಂದು ನೋಡಿದಾಗ ನಾಣ್ಯ ತಳ ಸೇರಿದ್ದರೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಅಷ್ಟನ್ನೂ ಎಸೆಯಿರಿ. ನಾಯಿ ಮೂಸಿ ತಿಂದಿತೆಂಬುದು ಪ್ರಮಾಣಪತ್ರವಾಗದು.

ಕರಗಿಸುವುದು ಫ್ರಿಜ್ಜಿನ ಅತಿ ಕೆಳಗಿನ ಖಾನೆಯಲ್ಲಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ, ಹಿಂದಿನ ರಾತ್ರಿಯೇ. ಕಟ್ಟೆಯ ಮೇಲೆ ಬೇಡ. ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವುದೂ ಬೇಡ, ಆ ಹನಿಗಳು ಕೊತ್ತಂಬರಿ ಸೊಪ್ಪಿನ ಮೇಲೆ ಹೋಗಿ ಕೂರುತ್ತವೆ.

ಕೊನೆಯದಾಗಿ, ನಿಮ್ಮ ಮನೆಗೆಲಸಕ್ಕೆ ಬರುವ ಹೆಂಗಸಿನ ಬಗ್ಗೆ. ಮಾಂಸದ ನೀರು ಸೋರಿದ ತಳವನ್ನು ಒರೆಸುವವಳು ಅವಳು, ನಾಯಿಯ ತಟ್ಟೆ ತೊಳೆದು ಅದೇ ಕೈಯಲ್ಲಿ ನಿಮ್ಮ ಚಪಾತಿ ಹಿಟ್ಟು ಕಲಸುವವಳೂ ಅವಳು. ಆಮೇಲೆ ತನ್ನ ಮಕ್ಕಳಿಗೆ ಉಣಬಡಿಸುವ ಕೈಯೂ ಅದೇ. ಆ ಪೆಟ್ಟಿಗೆಯಲ್ಲಿ ಏನಿದೆ, ಅದರಿಂದ ಏನಾಗಬಹುದು ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಕೂರಿಸಿಕೊಂಡು ಹೇಳಿ. ಕೈಗವಸು, ಬೇರೆ ಸ್ಕ್ರಬರ್, ಬೇರೆ ಬಟ್ಟೆ ಕೊಡಿ. ಸಾಧ್ಯವಾದರೆ ನಾಯಿಯ ತಟ್ಟೆಯನ್ನೂ ಫ್ರೀಜರಿನ ತಳವನ್ನೂ ನೀವೇ ತೊಳೆಯಿರಿ, ನಾಯಿ ನಿಮ್ಮದು.

ಇಂತಿ,
ನಿಮ್ಮ ನಾಯಿಯ ಹಾಗೂ ನಿಮ್ಮ ಮನೆಯವರ ಹಿತೈಷಿ